ಆರಕ್ಕೆ ತಪ್ಪಿದ ಎಣಿಕೆ

"ಉಸಿರು ಒಳಗೆ ತಗೊಳ್ಳಿ..."

"ಹಾಗೇ ಹಿಡ್ಕೊಳ್ಳಿ..."

ಇಷ್ಟು ಹೇಳಿದವಳು ಮೂರನೇ ಮಾತು ಹೇಳಲೇ ಇಲ್ಲ!

ಗಾಜಿನ ಈಚೆ ಅವಳು. ಆಚೆ, ಸ್ಕ್ಯಾನ್ ಮೆಷಿನ್ನಿನೊಳಗೆ ಅಂಗಾತ ಮಲಗಿದ್ದ ಒಬ್ಬ ಎತ್ತರದ ಆಸಾಮಿ. ಮೆಷಿನ್ ಗುರ್ ಅಂತ ತಿರುಗಿ ಹತ್ತು ಸೆಕೆಂಡಿನಲ್ಲಿ ತನ್ನ ಕೆಲಸ ಮುಗಿಸಿತು. ಪರದೆಯ ಮೇಲೆ ಅವನ ಪಕ್ಕೆಲುಬುಗಳೆಲ್ಲ ಮೂಡಿದವು. ಇನ್ನು "ಬಿಡಿ" ಅಂದುಬಿಟ್ಟರೆ ಮುಗೀತು. ಮೆಷಿನ್ನಿಗೆ ಅದನ್ನು ಹೇಳೋಕೆ ತನ್ನದೇ ಒಂದು ರೆಕಾರ್ಡ್ ದನಿ ಇತ್ತು, ಅದು ಕೆಟ್ಟು ತಿಂಗಳುಗಳೇ ಆಗಿದ್ದವು. ಹಾಗಾಗಿ ದಿನಕ್ಕೆ ನಲವತ್ತು ಸಲ ಮೈಕಿನಲ್ಲಿ ಈ ಮೂರು ಮಾತು ಹೇಳುವ ಕೆಲಸ ಇವಳದ್ದೇ.

ಅವತ್ತು ಮಾತ್ರ ಮೂರನೆಯದು ಬಾಯಿಗೆ ಬರಲಿಲ್ಲ.

ಜೊತೆಯ ಟೆಕ್ನಿಷಿಯನ್ ಹೆರಿಗೆ ರಜೆ ಮೇಲೆ ಹೋಗಿದ್ದಳು. ಮೂರು ವಾರದಿಂದ ಇವಳಿಗೆ ಒಂದರ ಮೇಲೊಂದು ಎರಡು ಶಿಫ್ಟು. ಕಣ್ಣು ಪರದೆಯ ಮೇಲಿತ್ತು, ಮನಸ್ಸು ಎಲ್ಲೋ. ಎದೆ ಬಿಗಿದುಕೊಂಡು ಅವಳ ಉಸಿರೂ ನಿಂತೇ ಹೋಗಿತ್ತು...

ಇಪ್ಪತ್ತು ಸೆಕೆಂಡ್. ನಲವತ್ತು. ಒಂದು ನಿಮಿಷ!

ಮೆಷಿನ್ನಿನೊಳಗಿಂದ ಎರಡು ಕಾಲು ಪಟಪಟ ಬಡಿದುಕೊಂಡವು.

"ಅಯ್ಯೋ ದೇವರೇ! ಬಿಡಿ! ಉಸಿರು ಬಿಡಿ!" ಅಂತ ಮೈಕಿನಲ್ಲಿ ಕಿರುಚಿ, ಬಾಗಿಲು ತಳ್ಳಿಕೊಂಡು ಒಳಗೆ ಓಡಿದಳು.

ಅವನು ಎದ್ದು ಕೂತಿದ್ದ. ಮುಖ ಕೆಂಪು. ಕೆಮ್ಮುತ್ತಾ, ನೋಯುವ ಪಕ್ಕೆ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

"ಏನ್ರೀ ಮೇಡಂ... ಕೊಲ್ಲೋಕೇ ಹೊರಟಿದ್ರಾ?"

ತಪ್ಪು ತನ್ನದೇ ಅಂತ ಗೊತ್ತಿದ್ದಾಗಲೇ ಅಲ್ಲವೇ ಮನುಷ್ಯರಿಗೆ ಸಿಟ್ಟು ಜಾಸ್ತಿ ಬರೋದು? ಇವಳಿಗೂ ಬಂತು.

"ನೀವ್ಯಾಕ್ರೀ ಹಿಡ್ಕೊಂಡೇ ಇದ್ರಿ? ಉಸಿರು ಕಟ್ತಿದ್ರೆ ಬಿಡ್ಬೇಕಪ್ಪಾ! ಅದಕ್ಕೂ ಯಾರಾದ್ರೂ ಹೇಳ್ಬೇಕಾ?"

"ನಮ್ಮ ಕೆಲಸದಲ್ಲಿ ಮೇಲಿರೋರು ಬಿಡು ಅನ್ನೋ ತನಕ ಏನನ್ನೂ ಬಿಡೋ ಹಾಗಿಲ್ಲ. ಬಿಟ್ರೆ ಜೀವ ಹೋಗುತ್ತೆ."

"ಏನು ನಿಮ್ಮ ಕೆಲಸ?"

"ಹಗ್ಗದಲ್ಲಿ ನೇತಾಡಿ ಗಾಜು ಒರೆಸೋದು. ಇದೇ ಆಸ್ಪತ್ರೆ ಗೋಡೆ ಮೇಲೆ. ಎರಡು ತಿಂಗಳ ಕೆಲಸ. ನಿನ್ನೆ ಗಾಳಿಗೆ ತೂಗಿ ಬಂದು ಗೋಡೆಗೆ ಗುದ್ದಿಸ್ಕೊಂಡೆ, ಮೇಸ್ತ್ರಿ ಪಕ್ಕೆ ತೋರಿಸ್ಕೊಂಡು ಬಾ ಅಂತ ಕಳಿಸಿದ್ರು." ಕೆಮ್ಮಿದ. "ಒಂಬತ್ತನೇ ಮಹಡಿಯಲ್ಲಿ ಸಾಯದೇ ಇದ್ದೋನು ನೆಲಮಹಡಿಯಲ್ಲಿ ಸಾಯ್ತಿದ್ದೆ!"

ನಗು ಬರಬೇಕಿತ್ತು. ಬರಲಿಲ್ಲ. ಅವಳ ಏದುಸಿರು ಇನ್ನೂ ಇಳಿದಿರಲಿಲ್ಲ. ಬಾಗಿಲಿಗೆ ಒರಗಿ ನಿಂತಳು. ಅವನು ಅದನ್ನು ನೋಡಿಬಿಟ್ಟ.

ಮಾರನೇ ದಿನ ಅವನು ರಿಪೋರ್ಟ್ ತಗೊಳ್ಳೋಕೆ ಬಂದಾಗ ಅವಳ ಎದೆ ಡವಡವ ಅಂತಿತ್ತು. 'ದೂರು ಬರೆದುಕೊಟ್ಟರೆ ನನ್ನ ಕಥೆ ಮುಗೀತು...'

ಯಾಕೆ ಅಂತೀರಾ? ಅವಳದ್ದು ಇನ್ನೂ ಪಕ್ಕಾ ಆಗದ ಕೆಲಸ. ಆರು ತಿಂಗಳು ನೋಡಿ, ಸರಿಯಾಗಿದ್ದರೆ ಮೆಷಿನ್ನಿನ ಮುಂದಿನ ಕುರ್ಚಿ ಕಾಯಂ. ಇಲ್ಲದಿದ್ದರೆ ಮನೆಗೆ. ಆರನೇ ತಿಂಗಳು ಈಗಷ್ಟೇ ಶುರುವಾಗಿತ್ತು. ಆ ಕುರ್ಚಿಗೋಸ್ಕರ ಅವಳು ಸಣ್ಣದೇನೂ ಬಿಟ್ಟಿರಲಿಲ್ಲ. ಕಳೆದ ವರ್ಷ ನಿಶ್ಚಯವಾಗಿದ್ದ ಹುಡುಗ, "ಮದುವೆ ಆದ್ಮೇಲೆ ಈ ಮೆಷಿನ್ ಗಿಷಿನ್ ಎಲ್ಲ ಬೇಡ" ಅಂದಿದ್ದ. ಇವಳು ಮದುವೆಯೇ ಬೇಡ ಅಂದಿದ್ದಳು. ಅವತ್ತಿನಿಂದ ಅಮ್ಮನದ್ದು ಒಂದೇ ರಾಗ: "ಆ ಮೆಷಿನ್ನಿಗೇ ಹಾರ ಹಾಕು ಹೋಗು!"

ಈಗ ಮೆಷಿನ್ನೂ ಕೈಬಿಟ್ಟರೆ ಅಮ್ಮನ ಮುಖಕ್ಕೆ ಮುಖ ಕೊಡೋದು ಹೇಗೆ?

"ಮೂಳೆ ಮುರಿದಿಲ್ಲ," ಅಂತ ಕವರು ಚಾಚಿದಳು. ದನಿ ಇಳಿಸಿ, "ನೋಡಿ... ನಿನ್ನೆ ಆಗಿದ್ದಕ್ಕೆ ದೂರು ಕೊಡೋದಾದ್ರೆ..."

"ದೂರಾ? ಯಾಕೆ?" ಅವನು ಕವರನ್ನು ಕಂಕುಳಲ್ಲಿ ಇಟ್ಟುಕೊಂಡ. "ಒಂದು ಮಾತು ಕೇಳ್ಲಾ ಮೇಡಂ? ನಿನ್ನೆ ನೀವು ಒಳಗೆ ಓಡಿ ಬಂದಾಗ ನನಗಿಂತ ಜೋರಾಗಿ ಏದುಸಿರು ಬಿಡ್ತಿದ್ರಿ. ನಾಲ್ಕು ಹೆಜ್ಜೆಗೆ ಯಾರಿಗೂ ಹಾಗಾಗಲ್ಲ. ನೀವೂ ಉಸಿರು ಹಿಡ್ಕೊಂಡಿದ್ರಿ, ಅಲ್ವಾ?"

ಅವಳು ತಲೆ ತಗ್ಗಿಸಿದಳು. ಮೂರು ವಾರದಲ್ಲಿ ಅವಳಿಗೆ ಏನಾಗಿದೆ ಅಂತ ಗಮನಿಸಿದ ಮೊದಲನೇ ಮನುಷ್ಯ, ಅವಳೇ ಉಸಿರುಗಟ್ಟಿಸಿದವನು!

"ಊಟದ ಹೊತ್ತಿಗೆ ಹಿಂದಿನ ಮೆಟ್ಟಿಲ ಹತ್ರ ಬನ್ನಿ," ಅಂದ. "ಐದು ನಿಮಿಷ ಸಾಕು. ನಮ್ಮೋರು ಮಾಡೋದೊಂದು ಹೇಳಿಕೊಡ್ತೀನಿ."

'ಯಾವೋನೋ ಏನೋ... ಮೆಟ್ಟಿಲ ಹತ್ರ ಬಾ ಅಂತಾನೆ! ನಾನ್ಯಾಕೆ ಹೋಗಲಿ?'

ಹೋದಳು ಬಿಡಿ.

ಹಿಂದಿನ ಮೆಟ್ಟಿಲು ಅಂದರೆ ಒಗೆದ ಹೊದಿಕೆಗಳ ಗಾಡಿಗಳು ನಿಲ್ಲುವ ಜಾಗ. ಸೋಪಿನ ವಾಸನೆ. ಅವನು ನಾಲ್ಕನೇ ಮೆಟ್ಟಿಲಲ್ಲಿ ಕೂತಿದ್ದ. ಇವಳು ಎರಡು ಮೆಟ್ಟಿಲು ಬಿಟ್ಟು ಕೂತಳು.

"ಹಗ್ಗಕ್ಕೆ ಇಳಿಯೋ ಮುಂಚೆ ನಾವೆಲ್ಲ ತಾರಸಿ ಮೇಲೆ ಸುಮ್ನೆ ಕೂರ್ತೀವಿ," ಅಂದ. "ಕಣ್ಣು ಮುಚ್ಚಿ. ಬೆನ್ನು ನೆಟ್ಟಗೆ, ಬಿಗಿಯಬೇಡಿ. ಉಸಿರು ಅದರ ಪಾಡಿಗೆ ಬರುತ್ತೆ, ಹೋಗುತ್ತೆ. ಹೊರಗೆ ಹೋದಾಗ ಮನಸ್ಸಲ್ಲಿ ಒಂದು ಅನ್ನಿ. ಮತ್ತೆ ಹೋದಾಗ ಎರಡು. ಹತ್ತರ ತನಕ. ಅಷ್ಟೇ."

"ಅಷ್ಟೇನಾ? ಒಂದನೇ ಕ್ಲಾಸಿನ ಮಕ್ಕಳೂ ಹತ್ತರ ತನಕ ಎಣಿಸ್ತಾವೆ!"

"ಎಣಿಸಿ ನೋಡಿ."

ಕಣ್ಣು ಮುಚ್ಚಿದಳು. ಒಂದು... ಎರಡು... ಮಧ್ಯಾಹ್ನ ಹದಿನೆಂಟು ಸ್ಕ್ಯಾನ್ ಇದೆ... ಅಮ್ಮನ ಮಾತ್ರೆ ಮುಗಿದಿದೆ... ಆ ಹುಡುಗನಿಗೆ ಬೇರೆ ಕಡೆ ಮದುವೆ ಆಯ್ತಂತೆ...

"ಎಷ್ಟಕ್ಕೆ ತಪ್ತು?"

"ಎರಡಕ್ಕೆ," ಅಂದಳು. ನಾಚಿಕೆಯಾಯಿತು.

"ಪರವಾಗಿಲ್ಲ. ತಪ್ಪಿದ್ರೆ ಬೈಕೋಬೇಡಿ, ಮತ್ತೆ ಒಂದರಿಂದ ಶುರು. ನನ್ನ ಮೊದಲನೇ ದಿನ ಒಂದೂ ಬಂದಿರಲಿಲ್ಲ. ಆಮೇಲೆ ನಮ್ಮಲ್ಲೊಂದು ನಿಯಮ ಇದೆ. ಹತ್ತು ಬರದೇ ಇದ್ರೆ ಆ ದಿನ ಹಗ್ಗಕ್ಕೆ ಇಳಿಯೋ ಹಾಗಿಲ್ಲ. ಎಂಥಾ ಗಟ್ಟಿಗನೇ ಆಗ್ಲಿ, ಮೇಸ್ತ್ರಿಗೆ 'ಇವತ್ತು ಬರ್ಲಿಲ್ಲ' ಅಂತ ಹೇಳಿ ಮನೆಗೆ ಹೋಗ್ಬೇಕು."

"ಸುಳ್ಳು ಹೇಳಿದ್ರೆ?"

ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು. "ಹೇಳಬಾರದು," ಅಂದ ಅಷ್ಟೇ.

ಹಾಗೆ ಶುರುವಾಯಿತು. ದಿನಾ ಐದು ನಿಮಿಷ. ಅವಳ ಎಣಿಕೆ ಮೂರಕ್ಕೆ ಬಂತು, ಐದಕ್ಕೆ ಬಂತು, ಒಂದು ದಿನ ಏಳಕ್ಕೆ ಬಂದಾಗ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟಿಬಿಟ್ಟಳು. ಎಣಿಸಿ ಮುಗಿದ ಮೇಲೆ ಡಬ್ಬಿ ತೆಗೆದು ಇಬ್ಬರೂ ಹಂಚಿಕೊಂಡು ತಿನ್ನೋರು. ಜೊತೆಗಾರರು ಅವನನ್ನು 'ಹಲ್ಲಿ' ಅಂತ ಕರೀತಾರೆ ಅಂತ ಗೊತ್ತಾಯಿತು. ಅವತ್ತು ಅವಳು ನಕ್ಕ ನಗುವಿಗೆ ಹೊದಿಕೆ ಗಾಡಿಯ ಹೆಂಗಸರೆಲ್ಲ ತಿರುಗಿ ನೋಡಿದರು.

"ಲೊಚಗುಟ್ಟಿ ನೋಡೋಣ!"

"ಮೇಡಂ, ಹಲ್ಲಿ ಲೊಚಗುಟ್ಟಿದ್ರೆ ಹೇಳಿದ ಮಾತು ನಿಜ ಆಗುತ್ತಂತೆ. ಏನಾದ್ರೂ ಒಳ್ಳೇದು ಹೇಳಿ, ಆಮೇಲೆ ಲೊಚಗುಟ್ತೀನಿ."

"ಈ ಕುರ್ಚಿ ನನಗೇ ಕಾಯಂ ಆಗುತ್ತೆ," ಅಂದಳು.

ಅವನು ನಿಜವಾಗಲೂ ಲೊಚಗುಟ್ಟಿದ! ಆ ಗಳಿಗೆಯಲ್ಲೇ ಅವಳಿಗೆ ಅವನು ಇಷ್ಟವಾಗಿಬಿಟ್ಟ ಅಂತ ನಾನಂತೂ ಹೇಳ್ತೀನಿ. ಅವಳನ್ನು ಕೇಳಿದರೆ ಒಪ್ಪುತ್ತಿರಲಿಲ್ಲ.

ಐದು ನಿಮಿಷದ ಧ್ಯಾನ ಎರಡು ಶಿಫ್ಟನ್ನು ಒಂದು ಮಾಡುತ್ತಾ? ಇಲ್ಲವಲ್ಲ! ದೇಹ ಸೋತಿತ್ತು. ತಿಂಗಳು ಮುಗಿಯೋಕೆ ಹತ್ತು ದಿನ ಇರುವಾಗ ಒಂದು ಸೋಮವಾರ ಅವಳು ತಪ್ಪು ಮಾಡಿದಳು. ಮಲಗಿದ್ದ ರೋಗಿಯ ತಲೆ ಯಾವ ಕಡೆ ಅನ್ನೋದನ್ನು ಮೆಷಿನ್ನಿಗೆ ತಿರುಗಾಮುರುಗಾ ತುಂಬಿಸಿದಳು. ಎಡಗಡೆ ಇದ್ದ ಗಡ್ಡೆ ಪರದೆಯಲ್ಲಿ ಬಲಗಡೆ ಕಂಡಿತು. ಹತ್ತು ನಿಮಿಷಕ್ಕೆ ಅವಳಿಗೇ ಹೊಳೆಯಿತು. ಓಡಿ ಹೋಗಿ ಸರಿಮಾಡಿದಳು. ಯಾರೂ ನೋಡಿರಲಿಲ್ಲ.

ಮೆಟ್ಟಿಲ ಹತ್ತಿರ ಕೂತಾಗ ಎಣಿಕೆ ಒಂದೂ ಬರಲಿಲ್ಲ. ಅತ್ತುಕೊಂಡು ಎಲ್ಲವನ್ನೂ ಅವನಿಗೆ ಹೇಳಿದಳು.

"ಹತ್ತು ನಿಮಿಷ ತಡ ಆಗಿದ್ರೆ ಡಾಕ್ಟರು ತಪ್ಪು ಕಡೆ ಕತ್ತರಿಸ್ತಿದ್ರು..."

"ನಿಮ್ಮ ಮೇಲಿನವರಿಗೆ ಹೇಳಿದ್ರಾ?" ಅಂದ ಅವನು ಮೆಲ್ಲಗೆ.

"ಹುಚ್ಚಾ ನಿಮಗೆ? ಹೇಳಿದ್ರೆ ಕೆಲಸದಿಂದ ಕಿತ್ತಾಕ್ತಾರೆ! ಯಾರಿಗೂ ಹೇಳ್ಬೇಡಿ. ದಮ್ಮಯ್ಯ!"

ಅವನು ಏನೂ ಅನ್ನಲಿಲ್ಲ. ಬೆಳ್ಳಗೆ ಬಿಳಿಚಿಕೊಂಡು ಕೂತಿದ್ದ. ಅವಳು ಆ ಮೌನವನ್ನೇ ಮಾತು ಕೊಟ್ಟ ಹಾಗೆ ಅಂದುಕೊಂಡಳು.

ಮಾರನೇ ದಿನ ಬೆಳಿಗ್ಗೆ ದೊಡ್ಡ ಡಾಕ್ಟರಮ್ಮ ಕರೆಸಿದರು. ಸ್ಕ್ಯಾನ್ ವಿಭಾಗಕ್ಕೆಲ್ಲ ಅವರೇ ಯಜಮಾನಿ. ಕನ್ನಡಕದ ಮೇಲಿಂದ ನೋಡಿದರೆ ಎಂಥವರಿಗೂ ಗಂಟಲು ಒಣಗುತ್ತಿತ್ತು.

"ಇವತ್ತಿನಿಂದ ನೀನು ಮೆಷಿನ್ ಮುಟ್ಟಬೇಡ. ಹೊರಗೆ ಕೌಂಟರಿನಲ್ಲಿ ಕೂತು ಚೀಟಿ ಬರಿ."

"ಮೇಡಂ... ನಾನೇನು..."

"ನಿನ್ನ ಒಳ್ಳೇದು ಬಯಸೋರು ಒಬ್ಬರು ನಿನ್ನೆ ಸಂಜೆ ಬಂದು ಮಾತಾಡಿ ಹೋದ್ರು. ನೀನಾಗಿ ಏನಾದ್ರೂ ಹೇಳೋದಿದೆಯಾ?"

ಒಳ್ಳೇದು ಬಯಸೋರು! ಅವಳಿಗೆ ಯಾರು ಅಂತ ಅರ್ಥವಾಯಿತು. ಜಗತ್ತಿನಲ್ಲಿ ಆ ವಿಷಯ ಗೊತ್ತಿದ್ದವನು ಒಬ್ಬನೇ.

"ಏನೂ ಇಲ್ಲ," ಅಂದು ಹೊರಗೆ ಬಂದಳು.

ಆಸ್ಪತ್ರೆಯ ಹಿಂಭಾಗದಲ್ಲಿ ಅವನು ಹಗ್ಗ ಸುತ್ತುತ್ತಾ ನಿಂತಿದ್ದ. ಇವಳು ಬಂದ ರಭಸ ನೋಡಿಯೇ ಹಗ್ಗ ಕೆಳಗಿಟ್ಟ.

"ಹೇಳಿದ್ಯಾ? ಡಾಕ್ಟರಮ್ಮನ ಹತ್ರ ಹೋಗಿ ಹೇಳಿದ್ಯಾ?"

'ನೀವು' ಅನ್ನೋದು ಎಲ್ಲೋ ಹಾರಿಹೋಗಿತ್ತು.

"ಹೋಗಿದ್ದೆ. ಆದ್ರೆ ಮೇಡಂ, ಒಂದ್ನಿಮಿಷ ಕೇಳಿ..."

"ಏನು ಕೇಳೋದು? ಕಣ್ಣೀರಿಟ್ಟು ಬೇಡ್ಕೊಂಡಿದ್ದೆ! ನಿನ್ನ ಹತ್ರ ಬಿಟ್ರೆ ಯಾರ ಹತ್ರಾನೂ ಹೇಳ್ಕೊಂಡಿರಲಿಲ್ಲ ನಾನು!"

"ನಮ್ಮಲ್ಲಿ ಜೊತೆಗಾರನಿಗೆ ಎಣಿಕೆ ಬರ್ತಿಲ್ಲ ಅಂದ್ರೆ ಮೇಸ್ತ್ರಿಗೆ ಹೇಳ್ಲೇಬೇಕು. ಅದು..."

"ಇದು ನಿನ್ನ ಹಗ್ಗದ ಕೆಲಸ ಅಲ್ಲ! ಇಲ್ಲಿ ಅದಕ್ಕೆ ಚಾಡಿ ಅಂತಾರೆ!" ಕೆಳಗಿದ್ದ ಹಗ್ಗವನ್ನು ಕಾಲಿನಿಂದ ತಳ್ಳಿದಳು. "ನೀನೂ ಆ ಮದುವೆ ಹುಡುಗನ ಹಾಗೇ. ನಾನು ಆ ಕುರ್ಚಿ ಬಿಟ್ಟು ಏಳ್ಬೇಕು, ಅಷ್ಟೇ ತಾನೇ ನಿಮಗೆಲ್ಲ ಬೇಕಾಗಿರೋದು? ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡ!"

ಅವಳು ಹೊರಟೇ ಹೋದಳು. ತಿರುಗಿ ನೋಡಿದ್ದರೆ ಅವನ ಕಣ್ಣು ತುಂಬಿದ್ದು ಕಾಣುತ್ತಿತ್ತೇನೋ. ಸಿಟ್ಟು ಬಂದವರು ತಿರುಗಿ ನೋಡ್ತಾರಾ?

ಮನೆಯಲ್ಲಿ ಅಮ್ಮ ಮುಖ ನೋಡಿಯೇ ಕಂಡುಹಿಡಿದರು.

"ಏನಾಯ್ತೇ?"

"ತಲೆನೋವು."

"ತಲೆನೋವಿಗೆ ಕಣ್ಣು ಊದಿಕೊಳ್ಳಲ್ಲ," ಅಂದರು ಅಮ್ಮ. ಮತ್ತೇನೂ ಕೇಳಲಿಲ್ಲ. ತಟ್ಟೆ ಹಾಕಿ ಎದುರು ಕೂತರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಕೌಂಟರಿನಲ್ಲಿ ಎಂಟು ದಿನ ಕಳೆದವು. ಹೆಸರು ಬರಿ, ವಯಸ್ಸು ಬರಿ, ಚೀಟಿ ಹರಿ. ಒಳಗೆ ಮೆಷಿನ್ ಗುರ್ ಅಂದಾಗಲೆಲ್ಲ ಬರೆಯೋ ಪೆನ್ನು ನಿಂತುಬಿಡುತ್ತಿತ್ತು. ಬೇರೆ ವಿಭಾಗದಿಂದ ಬಂದವನೊಬ್ಬ ಈಗ ಅಲ್ಲಿ ಕೂರುತ್ತಿದ್ದ. ಮಧ್ಯಾಹ್ನ ಅವಳು ಹಿಂದಿನ ಮೆಟ್ಟಿಲಿಗೆ ಹೋಗಲಿಲ್ಲ. ಕೌಂಟರಿನಲ್ಲೇ ಕಣ್ಣು ಮುಚ್ಚಿ ಎಣಿಸಲು ನೋಡಿದಳು. ಮೂರು ಬರುವಷ್ಟರಲ್ಲಿ ಅವನ ಬಿಳಿಚಿದ ಮುಖ ಎದುರು ಬರುತ್ತಿತ್ತು. ಮತ್ತೆ ಒಂದು. ಮತ್ತೆ ಅದೇ ಮುಖ.

'ಛೇ! ಮೋಸಗಾರನಿಗೋಸ್ಕರ ಯಾಕೆ ಇಷ್ಟು ಸಂಕಟ ನನಗೆ...'

ಒಂಬತ್ತನೇ ದಿನ ಬೆಳಿಗ್ಗೆ ಕೌಂಟರಿನ ಮುಂದೆ ಒಂದು ಊರುಗೋಲು ಬಂದು ನಿಂತಿತು. ಐವತ್ತು ದಾಟಿದ ಮನುಷ್ಯ. ಎಡಗಾಲು ಎಳೆಯುತ್ತಿತ್ತು. ಬೆವರಿಳಿಯುತ್ತಿತ್ತು.

"ನೀನೇ ಏನಮ್ಮಾ ಸ್ಕ್ಯಾನ್ ಮೇಡಂ?"

"ಹೌದು. ನೀವು?"

"ನಾನು ಹಗ್ಗದೋರ ಮೇಸ್ತ್ರಿ. ನನಗೊಂದು ಉಪಕಾರ ಮಾಡ್ಬೇಕು ತಾಯಿ, ಈಗಲೇ. ನಿನ್ನ ಹಲ್ಲಿ ಎಂಟು ದಿನದಿಂದ ಹಗ್ಗಕ್ಕೆ ಇಳಿದಿಲ್ಲ. ದಿನಾ ಕೂರ್ತಾನೆ, ಎಣಿಸ್ತಾನೆ, 'ಬರ್ಲಿಲ್ಲ ಮೇಸ್ತ್ರಿ' ಅಂತ ಎದ್ದು ಹೋಗ್ತಾನೆ. ಇವತ್ತು ಇಲ್ಲಿ ಕೆಲಸ ಮುಗಿಸೋ ದಿನ, ಕೊನೇ ಗೋಡೆ. ಉಳಿದ ಹುಡುಗರನ್ನ ಬೇರೆ ಕಡೆ ಕಳಿಸಿದೀನಿ. ಈಗ ಮೇಲಿಂದ ಫೋನ್ ಮಾಡಿ 'ಹತ್ತು ಬಂತು, ಇಳೀತೀನಿ' ಅಂತಾನೆ. ದನಿ ಕೇಳಿದ್ರೆ ಬಂದ ಹಾಗಿಲ್ಲ. ಬೇಡ ಅಂದೆ, ಫೋನ್ ಇಟ್ಟುಬಿಟ್ಟ."

ಅವಳು ಎದ್ದು ನಿಂತಿದ್ದಳು. "ಹಾಗಾದ್ರೆ ನೀವು ಹೋಗಿ ತಡೀರಿ!"

"ಲಿಫ್ಟ್ ಒಂಬತ್ತನೇ ಮಹಡಿ ತನಕ. ಆಮೇಲೆ ಕಬ್ಬಿಣದ ಏಣಿ. ಈ ಕಾಲಲ್ಲಿ ಹತ್ತೋಕಾಗಲ್ಲ. ನೀನು ಹೋಗಿ ಹೇಳಿದ್ರೆ ಕೇಳ್ತಾನೆ." ಮೇಸ್ತ್ರಿ ಕೋಲಿನಿಂದ ಕಾಲಿಗೆ ತಟ್ಟಿದರು. "ಇದು ಹೇಗಾಯ್ತು ಅಂತ ಅವನು ಹೇಳಿದಾನಾ?"

"ಇಲ್ಲ."

"ಆರು ವರ್ಷದ ಹಿಂದೆ, ನಾನೂ ಹಗ್ಗಕ್ಕೆ ಇಳೀತಿದ್ದಾಗ, ಒಂದಿನ ನನಗೂ ಹತ್ತು ಬರ್ಲಿಲ್ಲ. ಅವನಿಗೆ ಗೊತ್ತಾಯ್ತು. 'ಯಾರಿಗೂ ಹೇಳ್ಬೇಡ ಕಣೋ, ದಮ್ಮಯ್ಯ' ಅಂದೆ. ಹೇಳ್ಲಿಲ್ಲ ಪಾಪ. ಇಳಿದೆ. ಸೊಂಟದ ಬೆಲ್ಟನ್ನ ಹಗ್ಗಕ್ಕೆ ಸಿಕ್ಕಿಸೋ ಕೊಕ್ಕೆ ಹಾಕೋದೇ ಮರೆತಿದ್ದೆ... ಮೂರನೇ ಮಹಡಿಯಿಂದ ಬಿದ್ದಿದ್ದಕ್ಕೆ ಬದುಕಿದೆ. ತಪ್ಪು ನನ್ನದು. ಅವನು ಮಾತ್ರ ಇವತ್ತಿನ ತನಕ ಬಾಯಿ ಮುಚ್ಕೊಂಡಿದ್ದ ತನ್ನನ್ನೇ ಬೈಕೋತಾನೆ."

'ಯಾರಿಗೂ ಹೇಳ್ಬೇಡಿ. ದಮ್ಮಯ್ಯ!' ಅವಳದ್ದೂ ಅದೇ ಮಾತು. ಅದಕ್ಕೇ ಅವತ್ತು ಹಾಗೆ ಬಿಳಿಚಿಕೊಂಡಿದ್ದ!

ಅವಳು ಓಡಿದಳು.

ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ನಿಂತು ಸ್ಟ್ರೆಚರ್ ಹತ್ತಿಸಿಕೊಂಡಿತು. ಆರರಲ್ಲಿ ಮತ್ತೆ ನಿಂತಿತು. 'ಬೇಗ... ಬೇಗ...' ಒಂಬತ್ತರಲ್ಲಿ ಹಾರಿ ಇಳಿದು ಏಣಿ ಹಿಡಿದಳು. ಎದೆ ಬಿಗಿಯಿತು. ಅವತ್ತು ಗಾಜಿನ ಮುಂದೆ ಬಿಗಿದ ಹಾಗೇ. ಕಣ್ಣು ಕತ್ತಲಿಟ್ಟಿತು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ತಾರಸಿಯ ತಗಡಿನ ಬಾಗಿಲು ತಳ್ಳಿದಳು.

ಬಿಸಿಲು. ಗಾಳಿ. ಆ ತುದಿಯಲ್ಲಿ ಅವನು! ಸೊಂಟಕ್ಕೆ ಬೆಲ್ಟು, ಒಂದು ಕಾಲು ಕಟ್ಟೆಯ ಆಚೆ, ಒಂದು ಕಾಲು ಈಚೆ. ಬೆನ್ನು ಇವಳ ಕಡೆಗೆ.

ಕೂಗಲು ಬಾಯಿ ತೆರೆದಳು. ತಕ್ಷಣ ಮುಚ್ಚಿಕೊಂಡಳು. ಬೆಚ್ಚಿಬಿದ್ದರೆ? ಏದುಸಿರಿನ ದನಿಯಲ್ಲಿ ಚೀರಿದರೆ ಅವನೂ ಹೆದರುತ್ತಾನೆ. ಮೊದಲು ತನ್ನ ಉಸಿರು ಸರಿಯಾಗಬೇಕು.

ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿದಳು. ಇಷ್ಟು ದೊಡ್ಡ ಆಪತ್ತು ಎದುರಿಗಿರುವಾಗ ಕಣ್ಣು ಮುಚ್ಚೋಕೆ ಎಷ್ಟು ಧೈರ್ಯ ಬೇಕು ಗೊತ್ತಾ?

ಒಂದು. ಗಾಳಿಗೆ ತಗಡಿನ ಬಾಗಿಲು ಕಿರುಗುಟ್ಟಿತು.

ಎರಡು. ಅವನು ಹಗ್ಗ ಎಳೆದು ನೋಡುವ ಸದ್ದು.

ಮೂರು. ನಾಲ್ಕು. ಎದೆಯ ಬಿಗಿ ಸ್ವಲ್ಪ ಸಡಿಲಾಯಿತು.

ಐದಕ್ಕೆ ಕಣ್ಣು ಬಿಟ್ಟಳು. ಮೈಕಿನಲ್ಲಿ ರೋಗಿಗಳ ಜೊತೆ ಮಾತಾಡುವ, ಮೆತ್ತನೆಯ, ಅವಸರವಿಲ್ಲದ ದನಿ ಬಂತು.

"ನಾನು ಬಂದಿದೀನಿ. ಹಿಂದೆ ಬಾಗಿಲ ಹತ್ರ ಇದೀನಿ. ತಿರುಗಬೇಡಿ, ಹಾಗೇ ಕೂತಿರಿ."

ಅವನ ಬೆನ್ನು ಸೆಟೆದುಕೊಂಡಿತು. ಕೈ ಹಗ್ಗದ ಮೇಲೆ ನಿಂತಿತು.

"ಮೇಡಂ... ನೀವು ಯಾಕೆ ಬಂದ್ರಿ?"

"ಒಂದು ಮಾತು ಕೇಳೋಕೆ. ಹತ್ತು ಬಂತಾ?"

"ಬಂತು."

"ಈಗ ನಿಧಾನಕ್ಕೆ ಈ ಕಡೆ ನೋಡಿ. ನನ್ನ ಕಣ್ಣು ನೋಡಿ ಹೇಳಿ."

ನಿಧಾನವಾಗಿ ತಿರುಗಿದ. ಎಂಟು ದಿನದಲ್ಲಿ ಅವನೂ ಅರ್ಧ ಆಗಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿದ, ತುಂಬ ಹೊತ್ತು ನೋಡಿದ. ಆಮೇಲೆ ಅವನ ಮುಖ ಮಗುವಿನದರ ಹಾಗೆ ಮುದುಡಿತು.

"ಆರಕ್ಕೆ ತಪ್ತು."

"ಕೊಕ್ಕೆ ಹಾಕಿದೀರಾ?"

ಅವನು ಕೆಳಗೆ ನೋಡಿಕೊಂಡ. ಸೊಂಟದ ಕೊಕ್ಕೆ ಖಾಲಿ ನೇತಾಡುತ್ತಿತ್ತು! ಅವಳು ಬಾಗಿಲ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು. ದನಿ ಮಾತ್ರ ನಡುಗಲಿಲ್ಲ, ನಡುಗಲು ಅವಳು ಬಿಡಲಿಲ್ಲ.

"ಪರವಾಗಿಲ್ಲ. ಎರಡೂ ಕೈಯಲ್ಲಿ ಕಟ್ಟೆ ಹಿಡ್ಕೊಳ್ಳಿ. ಆಚೆ ಕಾಲು ಈಚೆ ತನ್ನಿ. ಹಾಗೇ... ಅವಸರ ಇಲ್ಲ... ಹಾಂ."

ಅವನ ಎರಡೂ ಪಾದ ತಾರಸಿಗೆ ತಾಗಿದ್ದೇ ತಡ, ಅವಳಿಗೆ ಅಷ್ಟು ಹೊತ್ತು ತಡೆದಿದ್ದ ಅಳು ಉಕ್ಕಿ ಬಂತು. ಓಡಿ ಹೋಗಿ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು.

"ಯಾಕೆ ಸುಳ್ಳು ಹೇಳಿದ್ರಿ? ನೀವೇ ಹೇಳಿದ್ರಲ್ಲ, ಹೇಳಬಾರದು ಅಂತ! ಬಿದ್ದಿದ್ರೆ? ನನ್ನ ಗತಿ ಏನಾಗ್ತಿತ್ತು?"

"ಕಣ್ಣಿಗೆ ಬೀಳ್ಬೇಡ ಅಂದಿದ್ರಿ," ಅಂದ ಅವನು ಗದ್ಗದವಾಗಿ. "ಇಲ್ಲಿ ಕೆಲಸ ಮುಗಿದ್ರೆ ಹೊರಟು ಹೋಗ್ಬಹುದಲ್ಲ ಅಂದ್ಕೊಂಡೆ. ಅವಸರ ಮಾಡ್ದೆ. ತಪ್ಪಾಯ್ತು."

"ನನ್ನ ತಪ್ಪು ಡಾಕ್ಟರಮ್ಮನಿಗೆ ಹೇಳಿದ್ದು..."

"ನಿಮ್ಮ ತಪ್ಪು ನಾನು ಹೇಳ್ಲಿಲ್ಲ ಮೇಡಂ." ಅವನು ತಲೆಯೆತ್ತಿದ. "ಎರಡು ಶಿಫ್ಟ್ ಮಾಡಿ ನಿದ್ದೆ ಇಲ್ಲ ಅವರಿಗೆ, ಉಸಿರು ಕಟ್ಟುತ್ತೆ, ದಯವಿಟ್ಟು ಸ್ವಲ್ಪ ದಿನ ವಿಶ್ರಾಂತಿ ಕೊಡಿ ಅಂದೆ. ಅಷ್ಟೇ ಹೇಳಿದ್ದು. ಇನ್ನೊಂದು ನಿಮ್ಮದು. ಅದು ನಿಮ್ಮ ಬಾಯಿಂದಲೇ ಬರ್ಬೇಕು."

ಗಾಳಿ ಜೋರಾಗಿ ಬೀಸಿತು. ಅವಳಿಗೆ ಅವತ್ತು ಡಾಕ್ಟರಮ್ಮ ಕೇಳಿದ ಕೊನೇ ಮಾತು ನೆನಪಾಯಿತು. ನೀನಾಗಿ ಏನಾದ್ರೂ ಹೇಳೋದಿದೆಯಾ?

ಕಣ್ಣೊರೆಸಿಕೊಂಡಳು.

"ಕೆಳಗೆ ನಡೀರಿ. ಮೇಸ್ತ್ರಿ ಕಾಯ್ತಿದಾರೆ, ಅವರ ಹತ್ರ ಬೈಸ್ಕೊಳ್ಳಿ. ನನಗೆ ಡಾಕ್ಟರಮ್ಮನ ಹತ್ರ ಹೋಗೋದಿದೆ."

"ಕೆಲಸ ಹೋದ್ರೆ?"

"ಹೋಗ್ಲಿ," ಅಂದಳು. ಅಂದಷ್ಟು ಸುಲಭವಾಗಿರಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಅವಳ ಬೆರಳುಗಳು ಅವನ ತೋಳಿನ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿದ್ದವು.

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಆ ಸೋಮವಾರದ ತಾರೀಕು. ತುಂಬಿಸಿದ ಹೊತ್ತು, ತಿದ್ದಿದ ಹೊತ್ತು, ಎಲ್ಲ ಅದರಲ್ಲಿತ್ತು.

"ಮೆಷಿನ್ ಎಲ್ಲ ಬರೆದಿಡುತ್ತೆ ಕಣಮ್ಮ. ಅವತ್ತೇ ನೋಡಿದ್ದೆ."

ಅವಳು ಕಾಗದದಿಂದ ಕಣ್ಣೆತ್ತಿದಳು. "ಹಾಗಾದ್ರೆ... ಇಷ್ಟು ದಿನ..."

"ಕಾಯ್ತಿದ್ದೆ. ತಪ್ಪು ಎಲ್ಲರೂ ಮಾಡ್ತಾರೆ, ನಾನೂ ಮಾಡಿದೀನಿ. ಮುಚ್ಚಿಡೋರ ಕೈಗೆ ಮಾತ್ರ ನಾನು ರೋಗಿಗಳನ್ನ ಕೊಡಲ್ಲ. ನಾಳೆ ತಿಂಗಳ ಕೊನೆ. ನಾಳೆ ಸಂಜೆ ತನಕ ನೀನು ಬಾರದೇ ಇದ್ದಿದ್ರೆ ನಿನ್ನ ಕಳಿಸ್ತಿದ್ದೆ." ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ಶಿಫ್ಟ್ ಹಾಕಿದ್ದು ನನ್ನ ತಪ್ಪು. ಅದನ್ನ ಯಾರೋ ಗಾಜು ಒರೆಸೋ ಹುಡುಗ ಬಂದು ಹೇಳ್ಬೇಕಾಯ್ತು. ನಾಡಿದ್ದಿನಿಂದ ನಿನಗೆ ಒಂದೇ ಶಿಫ್ಟು. ನಾಳೆ ಮನೇಲಿ ಮಲಕ್ಕೋ."

"ಅಂದ್ರೆ... ಮೆಷಿನ್..."

"ನಿನ್ನದೇ. ಅಳ್ಬೇಡ. ಹೋಗು, ನನಗೆ ಕೆಲಸ ಇದೆ."

ಹೊರಗೆ ಗೇಟಿನ ಹತ್ತಿರ ಅವನು ಅತ್ತಿಂದಿತ್ತ ತಿರುಗಾಡುತ್ತಿದ್ದ. ಮೇಸ್ತ್ರಿ ಕಲ್ಲುಬೆಂಚಿನ ಮೇಲೆ ಕೂತಿದ್ದವರು ಇವಳನ್ನು ನೋಡಿ ಕೋಲೂರಿ ಎದ್ದರು. "ನನಗೆ ಟೀ ಕುಡೀಬೇಕು ಅನ್ನಿಸ್ತಿದೆ," ಅಂತ ಯಾರಿಗೋ ಹೇಳಿದ ಹಾಗೆ ಹೇಳಿ ಆ ಕಡೆ ನಡೆದರು. ಜಾಣ ಮನುಷ್ಯ!

"ಏನಂದ್ರು?" ಅವನು ಎದುರು ಓಡಿ ಬಂದ.

"ಕುರ್ಚಿ ನನ್ನದೇ ಅಂದ್ರು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ಎರಡೂ ಇರಬೇಕು.

"ನಿಮ್ಮನ್ನ ಏನೇನೋ ಅಂದ್ಬಿಟ್ಟೆ," ಅಂದಳು. "ಚಾಡಿಕೋರ ಅಂದೆ. ಕ್ಷಮಿಸ್ತೀರಾ?"

"ನಾನೂ ನಿಮಗೆ ಹೇಳಿಯೇ ಹೋಗ್ಬೇಕಿತ್ತು. ಹಿಂದಿನಿಂದ ಹೋಗಿದ್ದು ತಪ್ಪು."

"ನಾಳೆ ನನಗೆ ರಜೆ."

"ಮೇಸ್ತ್ರಿ ನನಗೂ ಒಂದು ವಾರ ರಜೆ ಅಂದ್ರು. ಬೈದು ಬೈದು ಕೊಟ್ಟ ರಜೆ."

"ಹಾಗಾದ್ರೆ ನಾಳೆ ನಮ್ಮ ಮನೆಗೆ ಬನ್ನಿ. ಅಮ್ಮ ಇರ್ತಾರೆ."

ಅವನು ಗಾಬರಿಯಾದ. ಒಂಬತ್ತು ಮಹಡಿಯ ಮೇಲೂ ಅಷ್ಟು ಗಾಬರಿಯಾಗಿರಲಿಲ್ಲ ಅನ್ನಿ!

"ಅಮ್ಮ ಏನು ಕೇಳ್ತಾರೆ?"

"ಹುಡುಗ ಏನು ಕೆಲಸ ಮಾಡ್ತಾನೆ ಅಂತ ಕೇಳ್ತಾರೆ. ಇವಳ ಮೆಷಿನ್ ಬಿಡಿಸ್ತೀಯೇನಪ್ಪಾ ಅಂತಾನೂ ಕೇಳ್ತಾರೆ."

"ಬಿಡಿಸಲ್ಲ ಅಂತೀನಿ. ಬೈದ್ರೆ?"

"ಬೈಸ್ಕೊಳ್ಳಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

"ಪಕ್ಕದಲ್ಲೇ... ಅಂದ್ರೆ?"

"ಪಕ್ಕದಲ್ಲೇ ಅಂದ್ರೆ ಪಕ್ಕದಲ್ಲೇ! ಇದನ್ನೂ ಬಿಡಿಸಿ ಹೇಳ್ಬೇಕಾ ನಿಮಗೆ?" ಅವಳ ಕಿವಿಯೆಲ್ಲ ಬಿಸಿಯಾಯಿತು. "ನೀವಂದ್ರೆ ನನಗೆ ಪ್ರಾಣ ಕಣ್ರೀ. ಆ ಏಣಿ ಹತ್ತುವಾಗಲೇ ಗೊತ್ತಾಯ್ತು. ಸಾಕಾ?"

ರಸ್ತೆಯಲ್ಲಿ ಒಂದು ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಅವನು ಅದು ದಾಟುವ ತನಕ ಕಾದ.

"ಬಸ್ ಸದ್ದಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

"ಸುಳ್ಳು!"

"ಹೂಂ, ಸುಳ್ಳು," ಅಂದ ಅವನು, ಅವಳ ಕೈ ಹಿಡಿದುಕೊಂಡು. "ಆದ್ರೂ ಹೇಳಿ."

ಅವಳು ಹೇಳಿದಳು.